ಒಣಗಿದ ಹಾಲುಬಟ್ಟೆ

ಮೂರು ದಿನದಿಂದ ನಾನು ಮೀನಿನ ಹೊಟ್ಟೆ ಎಣಿಸುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಮೊದಲ ದಿನ ನೂರಾ ಹನ್ನೆರಡು, ಎಲ್ಲದರಲ್ಲೂ ತತ್ತಿ. ಎರಡನೇ ದಿನ ತೊಂಬತ್ತೆಂಟು, ಎಲ್ಲದರಲ್ಲೂ ತತ್ತಿ. ಮೂರನೇ ದಿನ ಕಣ್ಣೆಲ್ಲ ಎಣಿಕೆಯ ಮೇಲೇ ಇದ್ದು ಚಾಕು ಹೆಬ್ಬೆರಳಿಗೆ ತಾಗಿತು. ಪಕ್ಕದಲ್ಲಿದ್ದ ನಾದಿನಿ, "ಇಪ್ಪತ್ತೆರಡು ವರ್ಷ ಆಯ್ತಲ್ಲ ಅತ್ತಿಗೆ, ಮೀನು ಯಾವುದು ಬೆರಳು ಯಾವುದು ಅಂತ ಇನ್ನೂ ಗೊತ್ತಾಗಲ್ವಾ?" ಎಂದು ನಕ್ಕಳು. ನಾನೂ ನಕ್ಕೆ. ನಗದಿದ್ದರೆ ಏನಾಯಿತು ಅಂತ ಕೇಳುತ್ತಾಳಲ್ಲ.

ನಾನು ಪುಕ್ಕಲಿ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ಹಲ್ಲಿ ಕಂಡರೆ ಹೆದರಿಕೆ, ಹೊತ್ತಲ್ಲದ ಹೊತ್ತಲ್ಲಿ ಫೋನು ಹೊಡೆದುಕೊಂಡರೆ ಹೆದರಿಕೆ, ಮಾವನವರು ಸುಮ್ಮನೆ ಗಂಟಲು ಸರಿಮಾಡಿಕೊಂಡರೂ ಹೆದರಿಕೆ. ಹುಟ್ಟಿದ್ದು, ಬೆಳೆದದ್ದು, ಮದುವೆಯಾದದ್ದು ಎಲ್ಲ ಸಮುದ್ರದ ಮಗ್ಗುಲಲ್ಲೇ ಆದರೂ ಜೆಟ್ಟಿಯ ಮೆಟ್ಟಿಲಲ್ಲಿ ಮೂರನೆಯದಕ್ಕಿಂತ ಕೆಳಗೆ ಇಳಿದವಳಲ್ಲ. ಮನೆಗೆ ಬಂದವರಿಗೆಲ್ಲ ನಮ್ಮವರು, "ಇವಳು ಮೀನಿಗೊಂದಕ್ಕೇ ಹೆದರದೆ ಇರೋದು, ಅದೂ ಸತ್ತಿದ್ರೆ" ಎಂದು ಹೇಳಿ ನಗಿಸುತ್ತಾರೆ.

ಈ ಸಲದ ಹೆದರಿಕೆ ಮಾತ್ರ ಆ ಜಾತಿಯದಲ್ಲ.

ನಾವು ಆರು ಹೆಂಗಸರು ಕೆಲಸ ಮಾಡುವುದು ಜೆಟ್ಟಿಯ ಗೋಡೆಯ ಹಿಂದಿನ ಕೊಯ್ಯುವ ಶೆಡ್ಡಿನಲ್ಲಿ. ಉದ್ದದ ಕಲ್ಲಿನ ಕಟ್ಟೆ, ನಡುವೆ ನೀರು ಹರಿಯುವ ಕಾಲುವೆ, ಒಬ್ಬೊಬ್ಬಳ ಮುಂದೆ ಅವಳವಳ ಮರದ ಮಣೆ. ಮಣೆ ಬದಲಾಯಿಸುವ ಹಾಗಿಲ್ಲ. ಹೊಸಬಳು ಬಂದಳೆಂದರೆ ಅವಳಿಗೊಂದು ಮಣೆ ಇಟ್ಟರು ಎನ್ನುತ್ತಾರೆ, ಒಬ್ಬಳನ್ನು ಕೆಲಸದಿಂದ ಬಿಡಿಸಬೇಕಾದರೆ ಮಾತಿಲ್ಲದೆ ಮಣೆ ಎತ್ತಿಬಿಡುತ್ತಾರೆ. ಬೆಳಿಗ್ಗೆ ಬಂದು ನೋಡಿದಾಗ ಮಣೆ ಇಲ್ಲವೆಂದರೆ ಹಾಗೇ ತಿರುಗಿ ಮನೆಗೆ ಹೋಗಬೇಕು, ಅಷ್ಟೆ. ನನ್ನ ಮಣೆ ಅತ್ತೆಯದು. ಸತ್ತವರ ಮಣೆ ಅವರ ಮನೆಯವರಿಗೆ ಸೇರುತ್ತದೆ; ಎಂಟು ವರ್ಷದ ಹಿಂದೆ ಅವರು ತೀರಿಕೊಂಡ ಮೇಲೆ ನನ್ನ ಹಳೆಯದನ್ನು ಬಿಟ್ಟು ಇದಕ್ಕೆ ಬಂದೆ. ಒಂದೂವರೆ ಮೊಳ ಉದ್ದ, ನಡುವೆ ಚಾಕು ಆಡಿ ಆಡಿ ಸವೆದ ತಗ್ಗು.

ಪ್ರತಿ ಮಣೆಯ ಹಿಂದೆ ಗೋಡೆಯಲ್ಲೊಂದು ಮೊಳೆ, ಮೊಳೆಗೊಂದು ಬಟ್ಟೆ. ಅದಕ್ಕೆ ಹಾಲುಬಟ್ಟೆ ಅಂತ ಹೆಸರು. ಬಂಡೆಮೀನು ವರ್ಷಕ್ಕೊಮ್ಮೆ, ಹುಣ್ಣಿಮೆಯ ಆಚೀಚೆ ಹದಿನೈದು ದಿನ, ಇಲ್ಲಿಂದ ಒಂದು ಗಂಟೆ ದೂರದ ಮುಳುಗುಬಂಡೆಯ ಸುತ್ತ ಮೊಟ್ಟೆಯಿಡಲು ಸೇರುತ್ತದೆ. ಆಗ ಸಿಕ್ಕ ಗಂಡುಮೀನನ್ನು ಸೀಳಿದರೆ ಒಳಗಿಂದ ಬಿಳಿಯ ಬೀಜರಸ ಹೊರಗೆ ನುಗ್ಗುತ್ತದೆ. ನಾವು ಅದನ್ನು ಹಾಲು ಎನ್ನುತ್ತೇವೆ. ಚಾಕುವಿನ ಹಿಡಿಯೆಲ್ಲ ಜಾರುವುದರಿಂದ ಒರೆಸಿಕೊಳ್ಳಲು ಆ ಬಟ್ಟೆ. ನಾನು ಹೊಸದಾಗಿ ಸೇರಿದಾಗ ಆ ಹದಿನೈದು ದಿನ ಬಟ್ಟೆ ಒಗೆದೂ ಒಗೆದೂ ಸೊಂಟ ಬಿದ್ದುಹೋಗುತ್ತಿತ್ತು. ದಿನಕ್ಕೆ ನಾಲ್ಕು ಸಲ ಒಗೆದರೂ ಅಂಟು ಹೋಗುತ್ತಿರಲಿಲ್ಲ.

ಆಮೇಲೆ ಅದು ದಿನಕ್ಕೆ ಎರಡು ಸಲವಾಯಿತು. ಆಮೇಲೆ ಒಂದು ಸಲ. ಈ ವರ್ಷ ಹತ್ತು ದಿನ ಕಳೆದರೂ ಆರು ಮೊಳೆಗಳಲ್ಲಿ ಆರು ಬಟ್ಟೆಗಳು ಒಣಗಿಕೊಂಡೇ ನೇತಾಡುತ್ತಿದ್ದವು. ನಾಚಿಕೆಯ ಮಾತು ಹೇಳಬೇಕೆಂದರೆ, ಬಟ್ಟೆ ಒಗೆಯುವ ಕೆಲಸ ತಪ್ಪಿತೆಂದು ಇಷ್ಟು ವರ್ಷ ನಾನು ಖುಷಿಪಟ್ಟಿದ್ದೆ.

ನಾನು ಎಣಿಸಲು ಶುರುಮಾಡಿದ್ದು ಸ್ಕೇಲಮ್ಮನ ದೆಸೆಯಿಂದ. ಮೀನುಗಾರಿಕೆ ಇಲಾಖೆಯ ಈ ಹುಡುಗಿ ಬಂದು ಇನ್ನೂ ಒಂದು ವರ್ಷ ತುಂಬಿಲ್ಲ. ತಿಂಗಳಿಗೊಮ್ಮೆ ಉಕ್ಕಿನ ಸ್ಕೇಲು ಹಿಡಿದು ಬಂದು ಜೆಟ್ಟಿಯಲ್ಲಿ ನೂರು ಮೀನಿನ ಉದ್ದ ಬರೆದುಕೊಂಡು ಹೋಗುತ್ತಾಳೆ, ಅದಕ್ಕೇ ಆ ಹೆಸರು. ಮುಂಚೆ ಇದ್ದವನೂ ಅಷ್ಟೇ ಮಾಡುತ್ತಿದ್ದ. ಉದ್ದ ನೋಡುವುದು ಗೋಡೆಯ ಆ ಕಡೆ, ಹೊಟ್ಟೆ ಸೀಳುವುದು ಈ ಕಡೆ. ಶೆಡ್ಡಿನ ವಾಸನೆಗೆ ಹೆದರಿ ಯಾವ ಆಫೀಸರೂ ಗೋಡೆ ದಾಟಿ ಬಂದವರಲ್ಲ. ಇವಳು ಬಂದಳು. ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತ, "ಅಕ್ಕಾ, ಗಂಡು ಎಷ್ಟು ಸಿಗ್ತಿವೆ?" ಎಂದು ಕೇಳಿದಳು.

ಶೆಡ್ಡಿನಲ್ಲಿ ನಗು ಹೊಮ್ಮಿತು. "ಮದುವೆಗೆ ನೋಡ್ತಿದ್ದೀರಾ ಮೇಡಂ?" ಎಂದಳು ನಾದಿನಿ.

ಅವಳೂ ನಕ್ಕು, ಆಮೇಲೆ ಹೇಳಿದಳು. "ಈ ಬಂಡೆಮೀನು ಹುಟ್ಟೋವಾಗ ಎಲ್ಲಾ ಹೆಣ್ಣೇ. ಏಳೆಂಟು ವರ್ಷ ಹೆಣ್ಣಾಗಿದ್ದು ಮೊಟ್ಟೆ ಇಟ್ಟು, ತುಂಬಾ ದೊಡ್ಡದಾದ ಮೇಲೆ ಅದೇ ಮೀನು ಗಂಡಾಗುತ್ತೆ. ಅದರ ಹತ್ತಿರದ ಜಾತಿಗಳೆಲ್ಲ ಹೀಗೇ. ಇದೂ ಹಾಗೇ ಇರಬೇಕು ಅಂತ ನನ್ನ ಅನುಮಾನ. ನೋಡಿದವರು ನೀವು, ಅದಕ್ಕೇ ಕೇಳ್ತಿದ್ದೀನಿ."

"ಅಯ್ಯೋ, ನಮ್ಮ ಮನೇಲಿರೋದಕ್ಕೂ ಏಳೆಂಟು ವರ್ಷ ಹೆಣ್ಣಾಗಿದ್ದು ಬಾ ಅಂತ ಕಳಿಸಬೇಕು" ಎಂದು ಯಾರೋ ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಮಾತ್ರ ಚಾಕು ಕೆಳಗಿಟ್ಟೆ. ಯಾಕೆಂದರೆ ಹಾಲು ಕೊಡುತ್ತಿದ್ದದ್ದು ಯಾವ ಮೀನು ಎಂದು ನನಗೆ ನೆನಪಿತ್ತು. ಮಣೆಯ ಮೇಲಿಟ್ಟರೆ ಬಾಲ ಹೊರಗೆ ಚಾಚುವಂಥವು, ಅವು ಮಾತ್ರ. ಮಣೆಯೊಳಗೆ ಹಿಡಿಸುವ ಮೀನಿನಲ್ಲಿ ನಾನು ಒಂದು ಸಲವೂ ಹಾಲು ಕಂಡವಳಲ್ಲ. ಮತ್ತು ಬಾಲ ಹೊರಗೆ ಚಾಚುವ ಮೀನು ಈ ವರ್ಷ ನನ್ನ ಮಣೆಗೆ ಒಂದೂ ಬಂದಿರಲಿಲ್ಲ.

ಇನ್ನು ನಮ್ಮ ಮಾವನ ವಿಷಯ ಹೇಳಬೇಕು.

ಇಡೀ ಬಂದರು ಅವರನ್ನು ಹಲಗೆಯಜ್ಜ ಎನ್ನುತ್ತದೆ. ಮೂವತ್ತು ವರ್ಷದ ಹಿಂದೆ ಇಲ್ಲಿ ಎರಡು ವರ್ಷ ಬಂಡೆಮೀನು ಸಿಗಲೇ ಇಲ್ಲ. ಸಣ್ಣಪುಟ್ಟದ್ದನ್ನೆಲ್ಲ ಗೋರಿ ತಿಂದುಬಿಟ್ಟಿದ್ದರು. ನಾನಾಗ ಚಿಕ್ಕವಳು. ಮಂಜುಗಡ್ಡೆ ಕೋಣೆಯ ಬಾಗಿಲು ತೆರೆದೇ ಇತ್ತು, ಒಳಗೆ ನಾಯಿಗಳು ಮಲಗುತ್ತಿದ್ದವು. ಅಕ್ಕಪಕ್ಕದ ಮನೆಗಳಿಗೆ ಒಂದೊಂದಾಗಿ ಬೀಗ ಬಿದ್ದದ್ದು, ಅಪ್ಪ ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದದ್ದು ನೆನಪಿದೆ. ಆಗ ಮಾವ ಒಂದು ತೇಗದ ಹಲಗೆ ತಂದು ಜೆಟ್ಟಿಯ ಮೆಟ್ಟಿಲ ಮೇಲ್ಗಡೆ ಇಟ್ಟು, ಒಂದು ಮೊಳಕ್ಕೆ ಗೆರೆ ಕೊರೆದರು. ಗೆರೆ ಮುಟ್ಟದ ಮೀನು ವಾಪಸು ನೀರಿಗೆ. ತೀರ್ಮಾನ ಹಲಗೆಯ ಮೇಲೆಯೇ ಆಗಬೇಕು, ದೋಣಿಯಲ್ಲಲ್ಲ. ಅದಕ್ಕಾಗಿ ಪ್ರತಿ ದೋಣಿಯಲ್ಲೂ ನೀರಿನ ತೊಟ್ಟಿ. ಗಾಳದಿಂದ ಎಳೆದ ಕೂಡಲೇ ಮೀನಿನ ಹೊಟ್ಟೆಯಲ್ಲಿ ಉಬ್ಬಿದ ಗಾಳಿಯನ್ನು ಪೊಳ್ಳು ಸೂಜಿಯಿಂದ ತೆಗೆದು, ಜೀವಂತವಾಗಿ ತರಬೇಕು. ಮಾವ ಒಂದೊಂದನ್ನೇ ಹಲಗೆಯ ಮೇಲೆ ಒದ್ದೆ ಕೈಯಲ್ಲಿ ಮಲಗಿಸಿ ಹೇಳುವುದು ಎರಡೇ ಮಾತು: "ನಮ್ಮದು" ಅಥವಾ "ಸಮುದ್ರದ್ದು". ಸಮುದ್ರದ್ದಾದರೆ ಪಕ್ಕದಲ್ಲಿ ನೀರಿನತನಕ ಇಳಿಜಾರಾಗಿ ಕಟ್ಟಿದ ಮರದ ಜಾರುದೋಣಿಗೆ ಬಿಡುತ್ತಾರೆ, ಮೀನು ಜರ್ರನೆ ನೀರಿಗೆ ಹೋಗುತ್ತದೆ.

ಮೀನು ಮರಳಿತು. ಬೇರೆ ಬಂದರುಗಳಿಂದ ಜನ ಬಂದು ಹಲಗೆಯನ್ನು ಮುಟ್ಟಿ ನೋಡಿಕೊಂಡು ಹೋದರು. ಇಲಾಖೆಯವರು ಆ ಗೆರೆಯನ್ನೇ ಕಾನೂನು ಮಾಡಿದರು. ಒಬ್ಬ ಮೀನುಗಾರ ಒಮ್ಮೆ ಚೋಟುದ್ದದ ಮೀನನ್ನು ರೇನ್‌ಕೋಟಿನಲ್ಲಿ ಅಡಗಿಸಿಕೊಂಡು ಸಿಕ್ಕಿಬಿದ್ದಾಗ ಮಾವ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ನಾಲ್ಕು ವರ್ಷ ಅವನ ಕಡೆ ನೋಡಲೇ ಇಲ್ಲ. ಅವನು ಊರು ಬಿಟ್ಟೇ ಹೋದ. ಅಂಥವರ ಮುಂದೆ ನಿಂತು, ನಿಮ್ಮ ಹಲಗೆ ಚಿಕ್ಕದನ್ನೆಲ್ಲ ಉಳಿಸಿ ದೊಡ್ಡದನ್ನೆಲ್ಲ ಆರಿಸಿ ಆರಿಸಿ ಕೊಂದಿದೆ, ದೊಡ್ಡದೆಲ್ಲ ಗಂಡೇ ಆಗಿತ್ತು ಮಾವಾ, ಎಂದು ಹೇಳಬೇಕಿತ್ತು. ಯಾರು ಹೇಳುತ್ತಾರೆ?

ನಾಲ್ಕನೇ ದಿನ ಸ್ಕೇಲಮ್ಮ ನಮ್ಮವರ ದೋಣಿಯಲ್ಲಿ ಮುಳುಗುಬಂಡೆಗೆ ಹೋಗಿ, ತೆಳುಬಟ್ಟೆಯಂಥ ಬಲೆಯಲ್ಲಿ ನೀರಿನ ಮೇಲೆ ತೇಲುವ ಮೊಟ್ಟೆಗಳನ್ನು ಸೋಸಿ ತಂದಳು. ಗಾಜಿನ ಭರಣಿಯಲ್ಲಿ ಹಾಕಿ ನನ್ನ ಮಣೆಯ ಪಕ್ಕ ಇಟ್ಟಳು. ಸಾಸಿವೆಗಿಂತ ಸಣ್ಣ, ಗಾಜಿನ ಹನಿಯ ಹಾಗೆ ತಿಳಿಯಾದ ಮೊಟ್ಟೆಗಳು.

"ಗಂಡಿನ ಹಾಲು ತಾಗಿದ್ರೆ ನಾಳೆ ಬೆಳಿಗ್ಗೆಗೆ ಒಳಗೆ ದಾರದ ತುಂಡಿನ ಹಾಗೆ ಮರಿ ಕಾಣುತ್ತೆ ಅಕ್ಕಾ. ತಾಗದೇ ಇದ್ರೆ ಬೆಳ್ಳಗಾಗಿ ತಳಕ್ಕೆ ಕೂರುತ್ತೆ."

ಆ ದಿನ ನಾನು ಎಷ್ಟು ಮೀನು ಕೊಯ್ದೆನೋ ದೇವರಿಗೇ ಗೊತ್ತು. ಎರಡು ಮೀನಿಗೊಂದು ಸಲ ಭರಣಿಯ ಕಡೆ ನೋಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಒಂದು ಮೊಟ್ಟೆ ಮಂಜಾಯಿತು. ಕಣ್ಣಿನ ಭ್ರಮೆ ಅಂದುಕೊಂಡೆ. ಊಟ ಮುಗಿಸಿ ಬಂದಾಗ ತಳದಲ್ಲಿ ಬಿಳಿಯ ಪುಡಿ ಚೆಲ್ಲಿದ ಹಾಗಿತ್ತು. ಸಂಜೆ ಮನೆಗೆ ಹೊರಡುವಾಗ ಭರಣಿಗೆ ಬೆನ್ನು ತಿರುಗಿಸಿಯೇ ಬಾಗಿಲು ಹಾಕಿದೆ, ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಮರುದಿನ ಬೆಳಿಗ್ಗೆ ಸ್ಕೇಲಮ್ಮ ಭೂತಗನ್ನಡಿ ಹಿಡಿದು ಬಹಳ ಹೊತ್ತು ಎಣಿಸಿದಳು. ಅವಳ ಕಿವಿ ಕೆಂಪಾಗಿತ್ತು. "ಸಾವಿರದಲ್ಲಿ ಎಂಟು ಬದುಕಿವೆ" ಎಂದಳು.

"ಎಂಟು ಬದುಕಿದಾವಲ್ಲ?" ಎಂದೆ ನಾನು, ಮುಳುಗುವವಳ ಹಾಗೆ.

"ಎಲ್ಲೋ ಒಂದೋ ಎರಡೋ ಗಂಡು ಉಳಿದಿದೆ ಅಂತ ಅರ್ಥ. ಈ ಐದು ದಿನ ಕಳೆದ್ರೆ ಈ ವರ್ಷ ಮೊಟ್ಟೆ ಇಡೋದು ಮುಗೀತು. ಅಷ್ಟರಲ್ಲಿ ಅದೂ ಗಾಳಕ್ಕೆ ಸಿಕ್ಕಿದ್ರೆ..." ಅವಳು ಸ್ಕೇಲನ್ನು ಚೀಲಕ್ಕೆ ಹಾಕಿದಳು. "ಮೇಲಿನವರಿಗೆ ಬರೀತೀನಿ. ಆದರೆ ಆದೇಶ ಬರೋಕೆ ತಿಂಗಳುಗಟ್ಟಲೆ ಬೇಕು. ಇಲ್ಲಿ ಜನ ಕೇಳೋದು ಒಬ್ಬರ ಮಾತು ತಾನೇ? ಅವರಿಗೆ ನೀವೇ ಹೇಳಿ. ನಿನ್ನೆ ಮೊನ್ನೆ ಬಂದ ನಾನು ಹೇಳಿದ್ರೆ ಕೇಳ್ತಾರಾ?"

ನಾನು ಹೇಳಿದರೆ ಕೇಳುತ್ತಾರೆಂದು ಇವಳಿಗೆ ಯಾರು ಹೇಳಿದರು? ಇಪ್ಪತ್ತೆರಡು ವರ್ಷದಲ್ಲಿ ಮಾವನ ಜೊತೆ ನಾನು ಆಡಿದ ಮಾತುಗಳನ್ನೆಲ್ಲ ಸೇರಿಸಿದರೂ ಒಂದು ಮುಷ್ಟಿ ತುಂಬದು. "ಊಟಕ್ಕೆ ಬನ್ನಿ ಮಾವಾ", "ಔಷಧಿ ತಗೊಂಡ್ರಾ ಮಾವಾ". ಅಷ್ಟೆ.

ನಮ್ಮವರಿಗೆ ಹೇಳಿದೆ. ಅವರು ತೊಟ್ಟಿ ತಿಕ್ಕುತ್ತಿದ್ದರು. ಮೊದಲು ನಕ್ಕರು, ಆಮೇಲೆ ಬ್ರಷ್ಷು ಕೆಳಗಿಟ್ಟರು. "ನೀನು ಸರಿಯಾಗಿ ಎಣಿಸಿದ್ದೀಯಾ?"

"ಮುನ್ನೂರಕ್ಕೂ ಮೇಲೆ ರೀ. ಒಂದೂ ಇಲ್ಲ."

"ಅಪ್ಪನ ಹತ್ತಿರ ನಾನಂತೂ ಹೇಳಲ್ಲ ಕಣೇ. ಮಗ ದೋಣಿ ಓಡಿಸೋಕೆ ಸೋಮಾರಿತನ ಮಾಡಿ ಕಥೆ ಕಟ್ಟಿದಾನೆ ಅಂತಾರೆ." ಬ್ರಷ್ಷು ಮತ್ತೆ ಎತ್ತಿಕೊಂಡು, "ಮಂಜುಗಡ್ಡೆ ಕೋಣೆಯಲ್ಲಿ ನಾಯಿ ಮಲಗ್ತಿದ್ದದ್ದು ನಂಗೂ ನೆನಪಿದೆ" ಎಂದರು. ಆರು ಅಡಿ ಆಳು, ಬಿರುಗಾಳಿಯಲ್ಲಿ ದೋಣಿ ತಂದವರು. ಅವರ ಮುಖದಲ್ಲಿ ನನ್ನದೇ ಹೆದರಿಕೆ ಕಂಡಾಗ ನನಗೆ ಇದ್ದಬದ್ದ ಧೈರ್ಯವೂ ಹೋಯಿತು.

ಹೇಳದೇ ಇರಬಹುದಿತ್ತು. ನಾನು ಮೀನು ಕೊಯ್ಯುವವಳು, ಸಮುದ್ರ ಕಾಯುವವಳಲ್ಲ. ಹಾಗಂತ ಮನಸ್ಸಿಗೆ ಹೇಳಿಕೊಂಡೇ ಆ ಮಧ್ಯಾಹ್ನ ಮನೆಗೆ ಹೋದೆ. ಮಾವ ಹಿತ್ತಲ ಬಾಗಿಲಲ್ಲಿ ಕೂತು ಹಲಗೆಗೆ ಎಣ್ಣೆ ಹಚ್ಚುತ್ತಿದ್ದರು. ವಾರಕ್ಕೊಮ್ಮೆ ಹಚ್ಚುತ್ತಾರೆ, ಮಗುವಿಗೆ ಹಚ್ಚಿದ ಹಾಗೆ, ಅಂಗೈಯಲ್ಲಿ. ನನ್ನ ನೆರಳು ಹಲಗೆಯ ಮೇಲೆ ಬಿತ್ತು. ಅವರು ತಲೆಯೆತ್ತಿ, "ಏನಮ್ಮಾ?" ಎಂದರು.

ಔಷಧಿ ತಗೊಂಡ್ರಾ ಎಂದು ಕೇಳಿ ಒಳಗೆ ಹೋಗಿಬಿಡೋಣ ಅನ್ನಿಸಿತು. ಬಾಯಿಂದ ಬಂದದ್ದು ಬೇರೆಯೇ ಮಾತು.

"ಮಾವಾ, ಹಾಲುಬಟ್ಟೆ ಒಣಗಿಹೋಗಿದೆ."

ಅತ್ತೆ ನಲವತ್ತು ವರ್ಷ ಆ ಬಟ್ಟೆ ಒಗೆದವರು. ಮಾವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೂ ಶುರುಮಾಡಿದ ಮೇಲೆ ನಿಲ್ಲಿಸಲು ಆಗದೆ ಎಲ್ಲವನ್ನೂ ಹೇಳಿಬಿಟ್ಟೆ. ಎಣಿಸಿದ ಹೊಟ್ಟೆಗಳು, ಮಣೆಗಿಂತ ಉದ್ದದ ಮೀನು, ಭರಣಿ, ಸಾವಿರಕ್ಕೆ ಎಂಟು, ಉಳಿದಿರುವ ದಿನಗಳು. ಹೇಳುವಾಗ ಅವರ ಮುಖ ನೋಡಲಿಲ್ಲ, ಎಣ್ಣೆಯ ಬಟ್ಟಲನ್ನೇ ನೋಡುತ್ತಿದ್ದೆ.

"ಒಣಗಿ ಎಷ್ಟು ವರ್ಷ ಆಯ್ತು?"

"ಪೂರ್ತಿ ಒಣಗಿದ್ದು ಈ ವರ್ಷ. ಕಮ್ಮಿಯಾಗೋಕೆ ಶುರುವಾಗಿ ಏಳೆಂಟು ವರ್ಷ ಆಗಿರಬಹುದು."

"ಅವಳು ಹೋದಾಗಿಂದ" ಎಂದರು, ತಮ್ಮಷ್ಟಕ್ಕೇ. "ಅವಳಾಗಿದ್ರೆ ಮೊದಲನೇ ವರ್ಷಾನೇ ಹೇಳ್ತಿದ್ಲು. ನೀನು ಯಾಕೆ ಹೇಳಲಿಲ್ಲ?"

ಸುಳ್ಳು ಹೇಳಲು ಎಷ್ಟು ಕಾರಣ ಬೇಕಾದರೂ ಇದ್ದವು. "ಒಗೆಯೋ ಕೆಲಸ ತಪ್ಪಿತಲ್ಲಾ ಅಂತ ಖುಷಿಯಾಗಿತ್ತು ಮಾವಾ" ಎಂದೆ. ಕಣ್ಣಲ್ಲಿ ನೀರು ಬಂತು.

ಅವರು ಹೆಬ್ಬೆರಳಿನಿಂದ ಹಲಗೆಯ ಗೆರೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಸವರಿದರು. "ಹಾಗಾದ್ರೆ ಮೂವತ್ತು ವರ್ಷ ನಾನು 'ನಮ್ಮದು' ಅಂದಿದ್ದೆಲ್ಲ..." ಮಾತು ಅಲ್ಲೇ ನಿಂತಿತು. ಎದ್ದು, ಹಲಗೆಯನ್ನು ಎತ್ತಿಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೆ ಕರೆದರೆ ಬರಲಿಲ್ಲ.

ಮರುದಿನ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ಅವರ ಕೋಣೆ ಖಾಲಿಯಿತ್ತು. ನಮ್ಮವರು ಬೆಳಕು ಹರಿಯುವ ಮೊದಲೇ ದೋಣಿ ಬಿಟ್ಟಿದ್ದರು. ಮಾವ ಜೆಟ್ಟಿಗೆ ಹೋಗಿರಬೇಕು ಎಂದುಕೊಂಡು ನಾನು ಕೆಲಸಕ್ಕೆ ನಡೆದೆ. ಶೆಡ್ಡಿಗೆ ಕಾಲಿಟ್ಟೆ. ಕಟ್ಟೆಯ ಮೇಲೆ ಐದು ಮಣೆಗಳಿದ್ದವು.

ನನ್ನ ಜಾಗದಲ್ಲಿ ಒದ್ದೆ ಕಲ್ಲು, ಮಣೆಯ ಆಕಾರದ ಒಣ ಗುರುತು. ನಾದಿನಿ ತಲೆಯೆತ್ತಲಿಲ್ಲ. ಉಳಿದವರು ಚಾಕು ಮಸೆಯುತ್ತಿದ್ದವರು ಮಸೆಯುತ್ತಲೇ ಇದ್ದರು. "ಬೆಳಿಗ್ಗೆ ಅಪ್ಪ ಬಂದು ಎತ್ತಿಕೊಂಡು ಹೋದರಂತೆ ಅತ್ತಿಗೆ, ಕಾವಲಿನವನು ಹೇಳಿದ" ಎಂದಳು ನಾದಿನಿ ಮೆಲ್ಲಗೆ. "ಏನು ಮಾಡಿದೆ ನೀನು?"

ಏನು ಹೇಳಲಿ? ಇಪ್ಪತ್ತೆರಡು ವರ್ಷದ ಕೆಲಸ, ಅತ್ತೆಯ ಮಣೆ. ಇನ್ನು ಮಾವ ನನ್ನ ಕಡೆ ನಾಲ್ಕು ವರ್ಷವೋ ಸಾಯುವತನಕವೋ ನೋಡುವುದಿಲ್ಲ. ಒಂದೇ ಮನೆಯಲ್ಲಿ, ಒಂದೇ ಅಡುಗೆಮನೆಯಲ್ಲಿ ನೋಡದೆ ಇರುತ್ತಾರೆ. ಮೊಳೆಯಿಂದ ನನ್ನ ಹಾಲುಬಟ್ಟೆಯನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅದೊಂದು ನನ್ನದು, ನಾನೇ ಹೊಲಿದದ್ದು. ತಿರುಗಿ ಹೊರಟೆ.

ಜೆಟ್ಟಿಯಲ್ಲಿ ಜನ ಸೇರಿದ್ದರು. ದೋಣಿಗಳು ಬಂದು ನಿಂತಿದ್ದವು, ತೊಟ್ಟಿಗಳಲ್ಲಿ ಮೀನು ಪಟಪಟ ಬಡಿಯುತ್ತಿತ್ತು, ಆದರೆ ಹಲಗೆಯ ಕಾಲುಗಳ ಮೇಲೆ ಹಲಗೆ ಇರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ. "ಅಜ್ಜನಿಗೆ ಏನಾಯ್ತು?" ಎಂದು ಒಬ್ಬೊಬ್ಬರೂ ನನ್ನನ್ನೇ ಕೇಳಿದರು. ಆಗ ನನಗೆ ಮಣೆಯೂ ಮರೆತುಹೋಯಿತು, ಕೆಲಸವೂ ಮರೆತುಹೋಯಿತು. ಎಪ್ಪತ್ತಾರು ವರ್ಷದ ಮನುಷ್ಯ ಮಾತಿಲ್ಲದೆ, ಊಟವಿಲ್ಲದೆ ಮನೆಯಿಂದ ಹೋಗಿದ್ದಾರೆ. ನಾನು ಮೆಟ್ಟಿಲ ತುದಿಗೆ ಬಂದು ನೀರನ್ನು ನೋಡಿದೆ. ಏನನ್ನು ಹುಡುಕುತ್ತಿದ್ದೇನೆಂದು ನನಗೇ ಗೊತ್ತಾದಾಗ ಎರಡು ಹೆಜ್ಜೆ ಹಿಂದೆ ಸರಿದೆ.

"ದಾರಿ ಬಿಡಿ."

ಬಡಗಿಯ ಅಂಗಡಿಯ ಕಡೆಯಿಂದ ಮಾವ ಬರುತ್ತಿದ್ದರು. ಒಂದು ಹೆಗಲ ಮೇಲೆ ಹಲಗೆ, ಇನ್ನೊಂದು ಕಂಕುಳಲ್ಲಿ ನನ್ನ ಮಣೆ. ಅಂಗಿಯ ಮೇಲೆಲ್ಲ ಮರದ ಪುಡಿ. ನನ್ನ ಮುಂದೆ ಬಂದು ನಿಂತು ಮಣೆಯನ್ನು ಕೈಗೆ ಕೊಟ್ಟರು. "ಅಳತೆಗೆ ಬೇಕಿತ್ತು. ಹೇಳಿ ತಗೊಂಡು ಹೋಗಬೇಕಿತ್ತು" ಎಂದರು. ನಾನು ಅದನ್ನು ಎದೆಗೆ ಒತ್ತಿಕೊಂಡು ನಿಂತೆ.

ಹಲಗೆಯನ್ನು ಅದರ ಕಾಲುಗಳ ಮೇಲೆ ಇಟ್ಟಾಗ ಎಲ್ಲರಿಗೂ ಕಂಡಿತು. ಮೂವತ್ತು ವರ್ಷದ ಕಪ್ಪು ಗೆರೆಯ ಆಚೆ, ಅರ್ಧ ಮೊಳ ದೂರದಲ್ಲಿ, ಹೊಸದಾಗಿ ಕೊರೆದ ಬೆಳ್ಳಗಿನ ಗೆರೆ. ನನ್ನ ಮಣೆಯಷ್ಟೇ ಉದ್ದಕ್ಕೆ.

"ಇದಕ್ಕಿಂತ ಚಿಕ್ಕದು ಸಮುದ್ರದ್ದು" ಎಂದು ಹಳೆಯ ಗೆರೆ ಮುಟ್ಟಿದರು. "ಇದಕ್ಕಿಂತ ದೊಡ್ಡದೂ ಸಮುದ್ರದ್ದು. ನಡುವಿನದು ನಮ್ಮದು. ನಾಳೆಯಿಂದ ಮೊಟ್ಟೆ ಇಡೋದು ಮುಗಿಯೋ ತನಕ ಮುಳುಗುಬಂಡೆಗೆ ಯಾರೂ ಹೋಗಬಾರದು."

ಎಲ್ಲರೂ ಒಟ್ಟಿಗೆ ಮಾತಾಡಿದರು. ಅಜ್ಜನಿಗೆ ಅರಳುಮರಳು ಎಂದರು, ಇಲಾಖೆಯವಳು ತಲೆ ಕೆಡಿಸಿದ್ದಾಳೆ ಎಂದರು. ದೊಡ್ಡದನ್ನು ಬಿಟ್ಟು ತಿನ್ನುವುದೇನು, ಚಿಪ್ಪೋ ಎಂದು ಒಬ್ಬ ಕೂಗಿದ. ಮಾವ ವಾದ ಮಾಡಲಿಲ್ಲ. "ತಪ್ಪು ನಂದು. ನನ್ನ ಮನೆಯ ಹುಡುಗಿ ಹೊಟ್ಟೆ ಎಣಿಸಿ ಹೇಳಿದಾಳೆ. ಗಂಡು ಮುಗೀತಾ ಬಂದಿದೆ" ಎಂದರು. ತಪ್ಪು ನಂದು ಅನ್ನುವ ಮಾತು ಆ ಬಾಯಿಂದ ಬಂದದ್ದಕ್ಕೆ ಜನ ಬೆಚ್ಚಿದರೋ, ಮುಗಿಯಿತು ಎಂಬುದಕ್ಕೋ, ಸದ್ದು ಅಡಗಿತು. ಮಂಜುಗಡ್ಡೆ ಕೋಣೆಯ ನಾಯಿಗಳು ಅಲ್ಲಿದ್ದ ವಯಸ್ಸಾದವರಿಗೆಲ್ಲ ನೆನಪಿದ್ದವು.

ಅಷ್ಟರಲ್ಲಿ ನಮ್ಮವರ ದೋಣಿ ಬಂತು. ಅವರಿಗೆ ಇದೊಂದೂ ಗೊತ್ತಿಲ್ಲ. ದೂರದಿಂದಲೇ ಕೈ ಎತ್ತಿ ಕೂಗುತ್ತಿದ್ದರು. ಇಬ್ಬರು ಸೇರಿ ತೊಟ್ಟಿಯಿಂದ ಒದ್ದೆ ಗೋಣಿಯಲ್ಲಿ ಒಂದು ಮೀನನ್ನು ಎತ್ತಿ ತಂದರು. ಇಂಥದ್ದನ್ನು ನಾನು ನೋಡಿ ಆರೇಳು ವರ್ಷವಾಗಿತ್ತು. ಹಲಗೆಯ ಮೇಲೆ ಮಲಗಿಸಿದರೆ ಎರಡೂ ಗೆರೆ ದಾಟಿ ಬಾಲ ಅಂಚಿನಿಂದ ಹೊರಗೆ ನೇತಾಡಿತು. ನಮ್ಮವರು ಬೆವರು ಒರೆಸಿಕೊಂಡು ಅಪ್ಪನ ಮುಖ ನೋಡಿ ನಕ್ಕರು. ಆಮೇಲೆ ಬಿಳಿಯ ಗೆರೆ ಕಂಡಿತು. ನಗು ಹಾಗೇ ಉಳಿದು, ಕಣ್ಣು ಮಾತ್ರ ನನ್ನ ಕಡೆ ತಿರುಗಿತು.

ಮೀನಿನ ಕಿವಿರು ನಿಧಾನವಾಗಿ ತೆರೆದು ಮುಚ್ಚುತ್ತಿತ್ತು. ಒಂದು ಸಲ ತೆರೆದದ್ದು ಮುಚ್ಚಲು ಬಹಳ ಹೊತ್ತಾಯಿತು. ಸಾಯುತ್ತದೆ, ಇದೂ ಸಾಯುತ್ತದೆ ಎಂದುಕೊಂಡೆ.

"ಸಮುದ್ರದ್ದು" ಎಂದರು ಮಾವ.

ಜಾರುದೋಣಿಗೆ ಹಾಕಲು ಹೋದರೆ ಅದರ ಬಾಯಿಗೆ ಮೀನು ಹಿಡಿಸಲಿಲ್ಲ. ಅದನ್ನು ಮಾಡಿದ್ದು ಚಿಕ್ಕ ಮೀನಿಗಾಗಿ. ದೊಡ್ಡದನ್ನು ವಾಪಸು ಬಿಡಬೇಕಾಗಬಹುದೆಂದು ಯಾರೂ ಯೋಚಿಸಿಯೇ ಇರಲಿಲ್ಲ. ಮಾವ ಗೋಣಿಯ ಒಂದು ಕಡೆ ಹಿಡಿದು ಮೆಟ್ಟಿಲು ಇಳಿಯತೊಡಗಿದರು. ಮೊಣಕಾಲು ಸರಿಯಿಲ್ಲದ ಮನುಷ್ಯ, ಪಾಚಿ ಕಟ್ಟಿದ ಮೆಟ್ಟಿಲು. ಇನ್ನೊಂದು ಕಡೆ ಹಿಡಿಯಲು ನಮ್ಮವರಿಗೆ ಕೈಯೇ ಏಳಲಿಲ್ಲ, ಕಲ್ಲಾಗಿ ನಿಂತಿದ್ದರು. ನಾನು ಮಣೆಯನ್ನು ಕೆಳಗಿಟ್ಟು ಓಡಿಹೋಗಿ ಹಿಡಿದೆ.

ಒಂದು, ಎರಡು, ಮೂರು. ಮೂರನೆಯ ಮೆಟ್ಟಿಲಲ್ಲಿ ನನ್ನ ಕಾಲು ನಿಂತಿತು. "ಬಾಮ್ಮಾ" ಎಂದರು ಮಾವ. ನಾಲ್ಕು. ಐದು. ತಣ್ಣಗಿನ ನೀರು ಮೊಣಕಾಲಿಗೆ, ಸೊಂಟಕ್ಕೆ. ಅಲೆ ಬಂದು ಎಳೆದಾಗ ಕಿರುಚಿಕೊಂಡೆ, ಆದರೂ ಗೋಣಿ ಬಿಡಲಿಲ್ಲ.

ನೀರಿನಲ್ಲಿ ಬಿಚ್ಚಿದಾಗ ಮೀನು ಮಗ್ಗುಲಾಗಿ ತೇಲಿತು. ಬಿಳಿಯ ಹೊಟ್ಟೆ ಮೇಲೆ. ಮೇಲಿಂದ ಯಾರೋ "ಹೋಯ್ತು" ಅಂದರು. ಮಾವ ಅದರ ಹೊಟ್ಟೆಯ ಕೆಳಗೆ ಒಂದು ಕೈ ಕೊಟ್ಟು, ಬಾಲದ ಬುಡ ಹಿಡಿದು ಹಿಂದೆ ಮುಂದೆ ಆಡಿಸಿದರು, ಕಿವಿರಿನೊಳಗೆ ನೀರು ಹೋಗಲೆಂದು. ಹಿಂದೆ ಮುಂದೆ. ಅವರ ತುಟಿ ನೀಲಿಯಾಗಿತ್ತು, ಗದ್ದ ನಡುಗುತ್ತಿತ್ತು. "ಹೋಗು" ಎನ್ನುತ್ತಿದ್ದರು, ಬೈಯುವ ಹಾಗೆ. "ಹೋಗೋ, ಹೋಗು." ಎಷ್ಟು ಹೊತ್ತಾಯಿತೋ. ನಾನು ಅವರ ತೋಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವರು ಬೀಳದಿರಲಿ ಎಂದೋ, ನಾನು ಬೀಳದಿರಲಿ ಎಂದೋ ಗೊತ್ತಿಲ್ಲ.

ಮೀನು ಒಮ್ಮೆ ಮೈ ಕೊಡವಿತು. ಬಾಲ ನನ್ನ ಹೊಟ್ಟೆಗೆ ಬಡಿಯಿತು. ಕೈಯಿಂದ ಜಾರಿ, ನೆಟ್ಟಗಾಗಿ, ಮೆಟ್ಟಿಲ ಕೆಳಗಿನ ಕತ್ತಲೆ ನೀರಿಗೆ ಇಳಿದು ಕಾಣದಾಯಿತು.

ಮಾವ ಕೈಯನ್ನು ನೀರಿನಿಂದ ಮೇಲೆತ್ತಿದರು. ಅಂಗೈಯಿಂದ ಮಣಿಕಟ್ಟಿನವರೆಗೆ ಬೆಳ್ಳಗಿನ ಅಂಟು, ಬೆರಳ ಸಂದಿಯಲ್ಲಿ ತೊಟ್ಟಿಕ್ಕುತ್ತಿತ್ತು. ಹಾಲು. ಅವರು ಅದನ್ನು ನೋಡುತ್ತಲೇ ನಿಂತರು. ನಾನು ಸೊಂಟದಿಂದ ಬಟ್ಟೆ ತೆಗೆದು, ಅದರ ಒದ್ದೆಯನ್ನು ಹಿಂಡಿ, ಮೊದಲ ಸಲ ಅವರ ಕೈ ಹಿಡಿದು ಒರೆಸಿದೆ. ಅತ್ತೆಯ ಕಾಲದ ಅದೇ ಅಂಟು, ಅದೇ ವಾಸನೆ.

"ಇಂಥವು ಇನ್ನೆಷ್ಟು ಇದಾವೆ?" ಎಂದು ಕೇಳಿದರು. ಎಲ್ಲರ ಎದುರು ಅವರು ನನ್ನನ್ನು ಏನನ್ನಾದರೂ ಕೇಳಿ, ಉತ್ತರಕ್ಕೆ ಕಾದದ್ದು ಅದೇ ಮೊದಲು.

"ಗೊತ್ತಿಲ್ಲ ಮಾವಾ" ಎಂದೆ.

ಅವರು ತಲೆಯಾಡಿಸಿ, ನನ್ನ ಹೆಗಲ ಮೇಲೆ ಕೈಯೂರಿ ಮೆಟ್ಟಿಲು ಹತ್ತಿದರು. ಒದ್ದೆ ಬಟ್ಟೆಯಲ್ಲೇ ಹಲಗೆಯ ಮುಂದೆ ನಿಂತು, "ಮುಂದಿನದು ತನ್ನಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ ಒಬ್ಬ ತಂದ. ಆಮೇಲೆ ಇನ್ನೊಬ್ಬ.

ನಾನು ಶೆಡ್ಡಿಗೆ ಹೋಗಿ ಮಣೆಯನ್ನು ಅದರ ಜಾಗದಲ್ಲಿಟ್ಟು, ಬಟ್ಟೆಯನ್ನು ಒಗೆಯದೆ ಮೊಳೆಗೆ ಹಾಕಿದೆ. ಐದು ಹೆಂಗಸರೂ ಒಬ್ಬೊಬ್ಬರಾಗಿ ಬಂದು ಮುಟ್ಟಿ ನೋಡಿದರು, ಯಾರೂ ನಗಲಿಲ್ಲ. ಆ ದಿನ ಎಂಬತ್ತಮೂರು ಮೀನು ಕೊಯ್ದೆ. ಎಲ್ಲದರಲ್ಲೂ ತತ್ತಿ. ನಡುನಡುವೆ ಹಿಂದೆ ತಿರುಗಿ ಬಟ್ಟೆಯನ್ನು ಮುಟ್ಟುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ಒಣಗಿ ಸೆಟೆದಿತ್ತು.